ನೊರೆ ನಿಲ್ಲುವುದು ಹೇಗೆ? ಹಾನೊಯಿಯ ಮೊಟ್ಟೆ ಕಾಫಿಯಿಂದ ಒಂದು ಪಾಠ

ಕಳೆದ ಬೇಸಿಗೆಯ ರಜೆಯಲ್ಲಿ ನಾವು ರಸಾಯನಶಾಸ್ತ್ರದ ಅಧ್ಯಾಪಕರಾದ ಮಿತ್ರರೊಬ್ಬರೊಡನೆ ವಿಯೆಟ್ನಾಮಿಗೆ ಹೋಗಿದ್ದೆವು. ಆ ದೇಶದ ರಾಜಧಾನಿಯಾದ ಹಾನೊಯಿಯ ಹಳೆಯ ಪೇಟೆಯಲ್ಲಿ, ಇಬ್ಬರು ಎದುರುಬದುರಾಗಿ ಬಂದರೆ ಒಬ್ಬರು ಗೋಡೆಗೆ ಒರಗಬೇಕಾದಂಥ ಓಣಿಯೊಂದರ ಕೊನೆಗೆ, ಕಡಿದಾದ ಮೆಟ್ಟಿಲುಗಳನ್ನೇರಿ ಸೇರಬೇಕಾದ ಒಂದು ಕೊಠಡಿಯಿದೆ. ಮೊಟ್ಟೆ ಕಾಫಿ ಮಾಡುವುದನ್ನು ಪ್ರವಾಸಿಗಳಿಗೆ ಅಲ್ಲಿ ಎರಡು ಗಂಟೆಗಳ ಕಾಲ ಕೈಯಾರೆ ಮಾಡಿಸಿ ಕಲಿಸುತ್ತಾರೆ. ನಾವು ಅಲ್ಲಿಗೆ ಹೋದುದು ಕುತೂಹಲದಿಂದಲೇ ಹೊರತು ವಿಜ್ಞಾನದ ಹಂಬಲದಿಂದಲ್ಲ. ಆದರೆ ಹತ್ತು ವರ್ಷಗಳಿಂದ ತರಗತಿಯಲ್ಲಿ ನಾವು ಹೇಳುತ್ತ ಬಂದಿದ್ದ ಮಾತೊಂದು ತಪ್ಪೆಂಬುದು ಅಲ್ಲಿ ತಿಳಿಯಿತು. ಆ ಮಾತನ್ನು ಕಾಲೇಜಿನ ಓದುಗರಲ್ಲಿ ಹಲವರು ತಮ್ಮ ಅಧ್ಯಾಪಕರಿಂದಲೂ ಕೇಳಿರಬಹುದಾದುದರಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ.

ಮೊದಲು ಕಾಫಿಯ ವಿಚಾರ. ವಿಯೆಟ್ನಾಮಿನ ಜನ ಇದನ್ನು ‘ಕಾಫೆ ಚುಂಗ್’ ಎನ್ನುತ್ತಾರೆ. ‘ಚುಂಗ್’ ಎಂದರೆ ಮೊಟ್ಟೆ. ಇದನ್ನು ಮೊದಲು ಮಾಡಿದವರು ನ್ಗುಯೆನ್ ವಾನ್ ಜಾಂಗ್ ಎಂಬವರು. ಅವರು ಹಾನೊಯಿಯ ಮೆಟ್ರೊಪೋಲ್ ಹೋಟೆಲಿನಲ್ಲಿ ಪಾನೀಯಗಳನ್ನು ಬೆರೆಸಿಕೊಡುವ ಕೆಲಸದಲ್ಲಿದ್ದರು. ೧೯೪೬ರಲ್ಲಿ, ಫ್ರೆಂಚರೊಡನೆ ಯುದ್ಧ ಹೊತ್ತಿಕೊಂಡ ವರ್ಷ, ನಗರದಲ್ಲಿ ಹಾಲು ದುರ್ಲಭವಾಯಿತು. ಕಾಫಿಯ ಮೇಲೆ ನಿಲ್ಲಿಸಲು ಹಾಲಿನ ನೊರೆಯಿಲ್ಲದಿದ್ದಾಗ ಅವರು ಮೊಟ್ಟೆಯ ಹಳದಿಯನ್ನು ಕಡೆದು ನೊರೆ ಮಾಡಿದರು. ಮುಂದೆ ಅವರು ಸ್ವಂತ ಅಂಗಡಿಯನ್ನು ತೆರೆದರು. ಅದನ್ನು ಇಂದಿಗೂ ಅವರ ಮನೆತನದವರೇ ನಡೆಸುತ್ತಿದ್ದಾರೆ. ಅಭಾವದಿಂದ ಹುಟ್ಟಿದ ಈ ಪಾನೀಯ ಹಾಲು ಹೇರಳವಾಗಿ ದೊರೆಯುವ ಈ ದಿನಗಳಲ್ಲಿಯೂ ಉಳಿದುಕೊಂಡಿದೆ. ಬಟ್ಟಲಿನ ತಳದಲ್ಲಿ ಕಪ್ಪು ಕಾಫಿ, ಅದರ ಮೇಲೆ ಎರಡು ಬೆರಳು ಎತ್ತರದ ಕೆನೆಬಣ್ಣದ ದಟ್ಟ ನೊರೆ. ರುಚಿಯಲ್ಲಿ ಪಾಯಸಕ್ಕೂ ಕಾಫಿಗೂ ನಡುವಣ ಪದಾರ್ಥವೆನ್ನಬಹುದು. ಹಸಿ ಮೊಟ್ಟೆಯ ವಾಸನೆ ಬರುವುದೆಂದು ಅಂಜಿದ್ದ ನಮ್ಮ ಮಿತ್ರರು ಎರಡನೆಯ ಬಟ್ಟಲನ್ನೂ ಕೇಳಿದರು.

ಕಾಫಿಯ ಕಷಾಯವನ್ನಿಳಿಸುವ ಸಾಧನಕ್ಕೆ ಅಲ್ಲಿ ‘ಫಿನ್’ ಎಂದು ಹೆಸರು. ನಮ್ಮ ಮನೆಗಳ ಕಾಫಿ ಫಿಲ್ಟರನ್ನು ಬಲ್ಲವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ತಳದಲ್ಲಿ ರಂಧ್ರಗಳುಳ್ಳ ಒಂದು ಪುಟ್ಟ ಲೋಹದ ಪಾತ್ರೆ, ಪುಡಿಯನ್ನು ಅದುಮುವ ಒಂದು ಬಿಲ್ಲೆ, ಮೇಲೊಂದು ಮುಚ್ಚಳ. ನಮ್ಮದು ತನ್ನದೇ ಕೆಳಪಾತ್ರೆಯ ಮೇಲೆ ಕುಳಿತರೆ ಅವರದು ನೇರವಾಗಿ ಕುಡಿಯುವ ಬಟ್ಟಲಿನ ಮೇಲೆಯೇ ಕೂರುತ್ತದೆ. ಎರಡರಲ್ಲಿಯೂ ನೀರನ್ನು ಇಳಿಸುವುದು ಭೂಮಿಯ ಸೆಳೆತ, ತಡೆಯುವುದು ಪುಡಿಯ ಹಾಸು. ಮರಳಿನ ಮೂಲಕ ನೀರು ಇಳಿಯುವ ವೇಗದ ನಿಯಮವನ್ನು ಫ್ರಾನ್ಸಿನ ಹೆನ್ರಿ ಡಾರ್ಸಿ ೧೮೫೬ರಲ್ಲಿ ಪ್ರಕಟಿಸಿದ. ಆ ನಿಯಮವೇ ಫಿನ್ನಿಗೂ ನಮ್ಮ ಫಿಲ್ಟರಿಗೂ ಅನ್ವಯಿಸುತ್ತದೆ. ಪುಡಿ ನುಣ್ಣಗಾದಷ್ಟೂ, ಹಾಸು ದಪ್ಪವಾದಷ್ಟೂ ಹನಿಗಳು ನಿಧಾನ. ಅಲ್ಲಿ ಬಳಸುವ ಬೀಜ ಬಹುಮಟ್ಟಿಗೆ ರೊಬಸ್ಟಾ ಜಾತಿಯದು. ಇಂದು ಪ್ರಪಂಚದಲ್ಲಿ ಬ್ರೆಜಿಲಿನ ಅನಂತರ ಅತ್ಯಧಿಕ ಕಾಫಿ ಬೆಳೆಯುವ ದೇಶ ವಿಯೆಟ್ನಾಮೇ. ಆ ಬೆಳೆಯ ಬಹುಪಾಲು ನಮ್ಮ ಕೊಡಗಿನ ತೋಟಗಳಲ್ಲಿಯೂ ಕಾಣುವ ಈ ರೊಬಸ್ಟಾ. ಇದರಲ್ಲಿ ಕೆಫೀನು ಅರಾಬಿಕಾದ ಸುಮಾರು ಎರಡರಷ್ಟು, ಕಹಿಯೂ ಹೆಚ್ಚು. ಅಷ್ಟು ಕಹಿಯಾದ ಕಷಾಯದ ಮೇಲೆ ಅಷ್ಟು ಸಿಹಿಯಾದ ನೊರೆಯನ್ನು ಹೊರಿಸಿರುವುದು ಸಕಾರಣವಾಗಿಯೇ ಇದೆ.

ಇನ್ನು ನೊರೆ. ಕಲಿಸುವಾಕೆ ಇಪ್ಪತ್ತೈದರ ಒಳಗಿನ ತರುಣಿ. ಇಂಗ್ಲಿಷ್ ಅವರಿಗೆ ಅಷ್ಟಾಗಿ ಬಾರದು. ಆದರೆ ಕೈಗೆ ಎಲ್ಲವೂ ಬರುತ್ತಿತ್ತು. ಎರಡು ಮೊಟ್ಟೆಗಳನ್ನೊಡೆದು, ಬಿಳಿ ಲೋಳೆಯನ್ನು ಬೆರಳುಗಳ ಸಂದಿನಿಂದ ಜಾರಿಸಿ, ಹಳದಿಯನ್ನು ಮಾತ್ರ ಪಾತ್ರೆಗೆ ಬಿಟ್ಟರು. ಅದಕ್ಕೆ ಡಬ್ಬಿಯಲ್ಲಿ ಬರುವ ಸಿಹಿಯಾದ ಗಟ್ಟಿ ಹಾಲು ಎರಡು ದೊಡ್ಡ ಚಮಚ, ಜೇನು ಸ್ವಲ್ಪ. ಬಳಿಕ ತಂತಿಯ ಕಡಗೋಲಿನಿಂದ ಕಡೆಯುವುದು. ಈಗ ವಿದ್ಯುತ್ತಿನ ಕಡಗೋಲು ಮೂರು ನಾಲ್ಕು ನಿಮಿಷಗಳಲ್ಲಿ ಈ ಕೆಲಸವನ್ನು ಮುಗಿಸುತ್ತದೆ. ಆದರೆ ಕಲಿಯುವವರು ಒಮ್ಮೆಯಾದರೂ ಕೈಯಿಂದಲೇ ಮಾಡಬೇಕೆಂಬುದು ಅಲ್ಲಿಯ ಕಟ್ಟಳೆ. ನಾವು ಎಂಟು ಮಂದಿ ಮೊಣಕಾಲೆತ್ತರವೂ ಇಲ್ಲದ ಮಣೆಗಳ ಮೇಲೆ ಕುಳಿತು ಕಡೆಯತೊಡಗಿದೆವು.

ನಮಗೆ ಸಿಹಿ ಅಷ್ಟಾಗಿ ಸೇರದು. ಆದುದರಿಂದ ಗಟ್ಟಿ ಹಾಲನ್ನು ಎರಡು ಚಮಚದ ಬದಲು ಅರ್ಧ ಚಮಚ ಮಾತ್ರ ಹಾಕಿಕೊಂಡೆವು. ಸಿಹಿ ಕಡಿಮೆಯಾದರೆ ನಷ್ಟ ನಾಲಗೆಗೆ ಮಾತ್ರ ಎಂದು ನಮ್ಮ ಎಣಿಕೆ. ನೊರೆ ಬಂದಿತು, ನೆರೆಯವರಿಗಿಂತ ಬೇಗನೆಯೇ ಬಂದಿತೆಂದು ಒಳಗೊಳಗೇ ಸಂತೋಷವೂ ಆಯಿತು. ಕಾಫಿಯ ಮೇಲೆ ಅದನ್ನು ಚಮಚದಿಂದ ಇಳಿಬಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ಗುಳ್ಳೆಗಳು ಒಂದೊಂದಾಗಿ ಒಡೆದು, ನೊರೆ ಕುಸಿದು, ಬಟ್ಟಲಿನಲ್ಲಿ ಉಳಿದುದು ಬಗ್ಗಡದಂಥ ಹಳದಿ ನೀರು. ಮಿತ್ರರ ನೊರೆ ಮಾತ್ರ ಚಮಚದ ಗುರುತನ್ನು ಹೊತ್ತುಕೊಂಡು ಹಾಗೆಯೇ ನಿಂತಿತ್ತು. ಆ ತರುಣಿ ನಮ್ಮ ಬಟ್ಟಲನ್ನು ನೋಡಿ, ಡಬ್ಬಿಯನ್ನು ತೋರಿಸಿ, ತಮಗೆ ತಿಳಿದ ನಾಲ್ಕಾರು ಮಾತುಗಳಲ್ಲಿ ಹೇಳಿದರು: “ಹಾಲು ಸಿಹಿಗಲ್ಲ. ನಿಲ್ಲುವುದಕ್ಕೆ.”

ನಮಗೆ ಥಟ್ಟನೆ ನೆನಪಾದುದು ಕಾಫಿಯಲ್ಲ, ನಮ್ಮ ತರಗತಿ. ಕೆಲವು ವರ್ಷಗಳ ಹಿಂದೆ ನಾವು ಪದವಿ ತರಗತಿಗೆ ಮೇಲ್ಮೈ ಎಳೆತದ ಪಾಠವನ್ನು ಮಾಡುತ್ತಿದ್ದೆವು. ದ್ರವದ ಅಣುಗಳು ಒಂದನ್ನೊಂದು ಸೆಳೆಯುವುದರಿಂದ ಅದರ ಮೇಲ್ಮೈ ಬಿಗಿದ ಹೊದಿಕೆಯಂತೆ ವರ್ತಿಸಿ ಆದಷ್ಟು ಕುಗ್ಗಲು ಯತ್ನಿಸುತ್ತದೆ ಎಂಬುದನ್ನು ವಿವರಿಸಿ, ಸಾಬೂನು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುತ್ತದೆ, ಆದುದರಿಂದಲೇ ಸಾಬೂನು ನೀರು ನೊರೆಯಾಗುತ್ತದೆ, ಎಂದೆವು. ಎರಡನೆಯ ಸಾಲಿನಲ್ಲಿದ್ದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತಳು. “ಸಾರ್, ಕೋಷ್ಟಕದಲ್ಲಿ ಆಲ್ಕೊಹಾಲಿನ ಬೆಲೆ ಸಾಬೂನು ನೀರಿಗಿಂತ ಕಡಿಮೆಯಿದೆ. ಹಾಗಾದರೆ ಆಲ್ಕೊಹಾಲು ಇನ್ನೂ ಚೆನ್ನಾಗಿ ನೊರೆಯಾಗಬೇಕಲ್ಲವೆ?”

ಅವಳ ಮಾತು ಸರಿಯಾಗಿತ್ತು. ೨೫ ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಮೇಲ್ಮೈ ಎಳೆತ ಮೀಟರಿಗೆ ೭೨ ಮಿಲಿನ್ಯೂಟನ್. ಹಳೆಯ ಪುಸ್ತಕಗಳಲ್ಲಿ ಸೆಂಟಿಮೀಟರಿಗೆ ೭೨ ಡೈನ್ ಎಂದು ಕಾಣುವುದೂ ಇದೇ. ಸಾಬೂನು ನೀರಿನದು ಸುಮಾರು ೨೫ರಿಂದ ೩೦. ಶುದ್ಧ ಈಥೈಲ್ ಆಲ್ಕೊಹಾಲಿನದು ಸುಮಾರು ೨೨. ಆದರೆ ಆಲ್ಕೊಹಾಲನ್ನು ಸೀಸೆಯಲ್ಲಿ ಹಾಕಿ ಎಷ್ಟು ಕುಲುಕಿದರೂ ನೊರೆ ನಿಲ್ಲುವುದಿಲ್ಲ. ಗುಳ್ಳೆಗಳೆದ್ದು ಮರುಕ್ಷಣವೇ ಒಡೆಯುತ್ತವೆ. ನಾವು ಆ ದಿನ ಕೊಟ್ಟ ಉತ್ತರವನ್ನು ಇಲ್ಲಿ ಬರೆಯಲು ಸಂಕೋಚವಾಗುತ್ತದೆ. “ಅದು ಪಠ್ಯಕ್ರಮದಲ್ಲಿಲ್ಲ, ಕುಳಿತುಕೊ” ಎಂದಿದ್ದೆವು. ಅವಳು ಕುಳಿತಳು. ಆ ವರ್ಷ ಮತ್ತೆ ಅವಳು ಪ್ರಶ್ನೆ ಕೇಳಿದ ನೆನಪು ನಮಗಿಲ್ಲ.

ಹಾನೊಯಿಯಿಂದ ಮರಳುವವರೆಗೂ ನಾವೂ ಮಿತ್ರರೂ ಚರ್ಚಿಸಿದುದು ಈ ಒಂದೇ ವಿಷಯವನ್ನು. ಮೊದಲು ಒಂದು ಚಿಕ್ಕ ಲೆಕ್ಕ. ಎರಡು ಹಳದಿಗಳೂ ಗಟ್ಟಿ ಹಾಲೂ ಸೇರಿ ಅರ್ಧ ಬಟ್ಟಲು ಇದ್ದುದು ಕಡೆದ ಮೇಲೆ ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ. ಹೆಚ್ಚಿದುದೆಲ್ಲ ಗಾಳಿ. ಅದನ್ನು ೪೦ ಘನ ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ, ಗುಳ್ಳೆಗಳೆಲ್ಲವೂ ೦.೦೫ ಮಿಲಿಮೀಟರ್ ತ್ರಿಜ್ಯದವೆಂದೂ ಭಾವಿಸೋಣ. ಗೋಳದ ಘನಗಾತ್ರದ ಸೂತ್ರವನ್ನು ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿಯೂ ಗುಳ್ಳೆಗಳ ಸಂಖ್ಯೆಯನ್ನು ಕಂಡುಹಿಡಿಯಬಹುದು: ಸುಮಾರು ಏಳೂವರೆ ಕೋಟಿ. ಅವುಗಳ ಮೇಲ್ಮೈಗಳನ್ನೆಲ್ಲ ಬಿಡಿಸಿ ಹರಡಿದರೆ ಆಗುವ ವಿಸ್ತಾರ ೨.೪ ಚದರ ಮೀಟರ್. ಮನೆಯ ಬಾಗಿಲಿನ ಕದಕ್ಕಿಂತಲೂ ದೊಡ್ಡದಾದ ಒಂದು ಹಾಳೆ ಒಂದು ಬಟ್ಟಲಿನೊಳಗೆ ಅಡಗಿದೆ!

ಈ ಹಾಳೆಯನ್ನು ನಿರ್ಮಿಸಲು ಎಷ್ಟು ಶಕ್ತಿ ಬೇಕು? ಮೇಲ್ಮೈ ಎಳೆತವನ್ನು ವಿಸ್ತಾರದಿಂದ ಗುಣಿಸಿದರೆ ಅದು ದೊರೆಯುತ್ತದೆ. ಮಿಶ್ರಣದ ಮೇಲ್ಮೈ ಎಳೆತವನ್ನು ಲೆಕ್ಕದ ಸೌಕರ್ಯಕ್ಕಾಗಿ ೪೫ ಎಂದು ಹಿಡಿದರೆ ಶಕ್ತಿ ೦.೧೧ ಜೂಲ್, ಶುದ್ಧ ನೀರಿನ ೭೨ ಎಂದೇ ಹಿಡಿದರೂ ೦.೧೭ ಜೂಲ್. ೦.೧೧ ಜೂಲ್ ಎಂದರೆ ಹನ್ನೊಂದು ಗ್ರಾಂ ತೂಕವನ್ನು ಒಂದು ಮೀಟರ್ ಮೇಲೆತ್ತಲು ಬೇಕಾದಷ್ಟು. ಆದರೆ ನಮ್ಮ ತೋಳು ಹತ್ತು ನಿಮಿಷಗಳ ಕಾಲ ಒಂದೇ ಒಂದು ವಾಟ್ ದರದಲ್ಲಿ ಕಡೆದಿತೆಂದರೂ ವೆಚ್ಚವಾದುದು ೬೦೦ ಜೂಲ್. ತೋಳಿನ ನೋವನ್ನು ನೋಡಿದರೆ ಅದಕ್ಕಿಂತ ಹೆಚ್ಚೇ ಇರಬೇಕು. ಹೊಸ ಮೇಲ್ಮೈಗೆ ಹೋದುದು ಅದರಲ್ಲಿ ಐದು ಸಾವಿರದಲ್ಲೊಂದು ಪಾಲೂ ಅಲ್ಲ. ಮಿಕ್ಕುದೆಲ್ಲ ದ್ರವದ ಪದರಗಳು ಒಂದರ ಮೇಲೊಂದು ಜಾರುವ ಘರ್ಷಣೆಯಲ್ಲಿ ಶಾಖವಾಗಿ ಕಳೆದುಹೋಯಿತು.

ಇದರ ಅರ್ಥವನ್ನು ಗಮನಿಸಬೇಕು. ಮೇಲ್ಮೈ ಎಳೆತ ೭೨ರಿಂದ ೪೫ಕ್ಕೆ ಇಳಿದುದರಿಂದ ಆದ ಉಳಿತಾಯ ಒಂದು ಜೂಲಿನ ನೂರರಲ್ಲಿ ಆರು ಪಾಲು. ನೂರಾರು ಜೂಲುಗಳನ್ನು ಸುರಿಯುವ ತೋಳಿಗೆ ಈ ಉಳಿತಾಯ ಲೆಕ್ಕಕ್ಕೇ ಬಾರದು. ಹೀಗಿರುವಾಗ ಎಳೆತ ಕಡಿಮೆಯಾದುದರಿಂದಲೇ ನೊರೆ ಬಂದಿತೆಂದು ಹೇಳುವುದು ಆನೆ ಹೊರುವ ಭಾರದಿಂದ ಸಾಸಿವೆಯನ್ನು ಇಳಿಸಿ, ಆನೆ ನಡೆದುದು ಅದರಿಂದಲೇ ಎಂದಂತೆ. ಎಳೆತ ಕಡಿಮೆಯಾದುದರಿಂದ ಲಾಭವೇ ಇಲ್ಲವೆಂದಲ್ಲ. ಅದೇ ಏಟಿಗೆ ಗುಳ್ಳೆಗಳು ಇನ್ನಷ್ಟು ಚಿಕ್ಕವಾಗಿ ಹರಿಯುತ್ತವೆ. ಆದರೆ ನೊರೆ ಹುಟ್ಟುವುದು ಒಂದು, ಹುಟ್ಟಿದ ನೊರೆ ನಿಲ್ಲುವುದು ಇನ್ನೊಂದು. ನಾವು ಇವೆರಡನ್ನೂ ಒಂದೆಂದು ಭಾವಿಸಿ ಹತ್ತು ವರ್ಷ ಪಾಠ ಹೇಳಿದೆವು.

ಹಾಗಾದರೆ ನಿಲ್ಲಿಸುವುದು ಯಾವುದು? ಎರಡು ಗುಳ್ಳೆಗಳ ನಡುವಣ ತೆಳುವಾದ ದ್ರವದ ಪೊರೆಯನ್ನು ಕಲ್ಪಿಸಿಕೊಳ್ಳಿರಿ. ಗಾಳಿಯ ಒಂದು ಅಲುಗಾಟಕ್ಕೋ ಬಟ್ಟಲಿನ ಒಂದು ಕುಲುಕಿಗೋ ಆ ಪೊರೆ ಒಂದೆಡೆ ಹಿಗ್ಗಿ ತೆಳುವಾಗುತ್ತದೆ. ದ್ರವ ಶುದ್ಧವಾದ ಆಲ್ಕೊಹಾಲೋ ಶುದ್ಧವಾದ ನೀರೋ ಆಗಿದ್ದರೆ ತೆಳುವಾದೆಡೆಯಲ್ಲಿಯೂ ಮೇಲ್ಮೈ ಎಳೆತ ಅಷ್ಟೇ, ದಪ್ಪವಿದ್ದೆಡೆಯಲ್ಲಿಯೂ ಅಷ್ಟೇ. ತೆಳುವಾದ ಭಾಗವನ್ನು ರಕ್ಷಿಸುವವರು ಯಾರೂ ಇಲ್ಲ. ಅದು ಇನ್ನೂ ತೆಳುವಾಗಿ ಹರಿಯುತ್ತದೆ. ಸಾಬೂನು ಇದ್ದರೆ ಸಂಗತಿಯೇ ಬೇರೆ. ಸಾಬೂನಿನ ಅಣುಗಳು ತಲೆಯನ್ನು ನೀರಿಗೂ ಬಾಲವನ್ನು ಗಾಳಿಗೂ ಚಾಚಿ ಮೇಲ್ಮೈಯಲ್ಲಿ ಒತ್ತಾಗಿ ನಿಂತಿರುತ್ತವೆ. ಪೊರೆ ಹಿಗ್ಗಿದೆಡೆಯಲ್ಲಿ ಅವು ವಿರಳವಾಗುತ್ತವೆ. ವಿರಳವಾದೊಡನೆ ಅಲ್ಲಿ ಮೇಲ್ಮೈ ಎಳೆತ ಹೆಚ್ಚುತ್ತದೆ. ಹೆಚ್ಚಿದ ಎಳೆತ ಅಕ್ಕಪಕ್ಕದ ಮೇಲ್ಮೈಯನ್ನು ತನ್ನೆಡೆಗೆ ಸೆಳೆಯುತ್ತದೆ. ಆ ಮೇಲ್ಮೈ ತನ್ನ ಕೆಳಗಣ ದ್ರವವನ್ನೂ ಎಳೆದುಕೊಂಡು ಬರುತ್ತದೆ. ತೆಳುವಾದ ಜಾಗ ಮತ್ತೆ ತುಂಬುತ್ತದೆ. ಗಾಯವೇ ಮದ್ದನ್ನು ಕರೆಸಿಕೊಂಡಂತೆ!

ಎಳೆತದ ವ್ಯತ್ಯಾಸದಿಂದ ದ್ರವ ಹರಿಯುವ ಈ ಪರಿಣಾಮವನ್ನು ಇಟಲಿಯ ಕಾರ್ಲೊ ಮಾರಂಗೋನಿ ೧೮೬೫ರಲ್ಲಿ ವಿಮರ್ಶಿಸಿದ. ಇಂದು ಅದು ಅವನ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಅಮೆರಿಕದ ವಿಲ್ಲರ್ಡ್ ಗಿಬ್ಸ್ ಪೊರೆಯ ಈ ಹಿಂದೆಳೆಯುವ ಗುಣವನ್ನು ಸ್ಥಿತಿಸ್ಥಾಪಕತೆಯೆಂದೇ ಪರಿಗಣಿಸಿದ. ಒಟ್ಟಿನಲ್ಲಿ ಮುಖ್ಯವಾದುದು ಎಳೆತ ಕಡಿಮೆಯಾಗಿರುವುದಲ್ಲ, ಹಿಗ್ಗಿದಾಗ ಅದು ಹೆಚ್ಚಬಲ್ಲುದೇ ಎಂಬುದು. ಆಲ್ಕೊಹಾಲಿನ ಎಳೆತ ಕಡಿಮೆ, ನಿಜ. ಆದರೆ ಅದು ಬದಲಾಗಲಾರದು. ಆ ವಿದ್ಯಾರ್ಥಿನಿಗೆ ನಾವು ಕೊಡಬೇಕಾಗಿದ್ದ ಉತ್ತರ ಇಷ್ಟೆ. ಐದು ನಿಮಿಷವೂ ಬೇಕಾಗಿರಲಿಲ್ಲ.

ಮೇಲ್ಮೈಯ ಈ ವಿದ್ಯೆ ಅಡುಗೆಮನೆಯಿಂದ ಬಂದುದು ಇದೇ ಮೊದಲೇನಲ್ಲ. ಜರ್ಮನಿಯ ಆಗ್ನೆಸ್ ಪೋಕೆಲ್ಸ್ ಎಂಬಾಕೆಗೆ ವಿಶ್ವವಿದ್ಯಾನಿಲಯದ ಬಾಗಿಲು ತೆರೆದಿರಲಿಲ್ಲ. ಹೆಂಗಸರಿಗೆ ಆಗ ಅಲ್ಲಿ ಪ್ರವೇಶವಿರಲಿಲ್ಲ. ಕಾಯಿಲೆಯ ತಂದೆತಾಯಿಯರನ್ನು ನೋಡಿಕೊಳ್ಳುತ್ತ, ಪಾತ್ರೆ ತೊಳೆಯುವ ನೀರಿನಲ್ಲಿ ಜಿಡ್ಡು ಹರಡುವುದನ್ನು ಗಮನಿಸಿ, ತಗಡಿನ ಒಂದು ತೊಟ್ಟಿಯಲ್ಲಿ ಆಕೆ ಮೇಲ್ಮೈ ಎಳೆತವನ್ನು ಅಳೆದರು. ಫಲಿತಾಂಶಗಳನ್ನು ಲಾರ್ಡ್ ರೇಲಿಗೆ ಪತ್ರ ಬರೆದು ತಿಳಿಸಿದರು. ರೇಲಿ ಅದರ ಮಹತ್ವವನ್ನು ಮನಗಂಡು ‘ನೇಚರ್’ ಪತ್ರಿಕೆಗೆ ಕಳುಹಿಸಿದ. ೧೮೯೧ರಲ್ಲಿ ಅದು ಪ್ರಕಟವಾಯಿತು. ಬಂದ ಪತ್ರವನ್ನು ರೇಲಿ ಮೂಲೆಗೆ ಎಸೆಯಲಿಲ್ಲವೆಂಬುದು ನಮ್ಮಂಥ ಅಧ್ಯಾಪಕರು ನೆನೆಯಬೇಕಾದ ವಿಚಾರ.

ಮೊಟ್ಟೆಗೆ ಹಿಂದಿರುಗೋಣ. ಅದರ ಹಳದಿಯಲ್ಲಿ ಅರ್ಧದಷ್ಟು ನೀರು, ಮೂರರಲ್ಲೊಂದು ಪಾಲಿನಷ್ಟು ಕೊಬ್ಬು, ಆರರಲ್ಲೊಂದು ಪಾಲಿನಷ್ಟು ಪ್ರೋಟೀನು. ಕೊಬ್ಬು ನೊರೆಯ ಶತ್ರುವೆಂದು ಅಡುಗೆ ಬಲ್ಲವರೆಲ್ಲರೂ ಹೇಳುತ್ತಾರೆ; ಬಿಳಿ ಲೋಳೆಯನ್ನು ಕಡೆಯುವಾಗ ಒಂದು ತೊಟ್ಟು ಹಳದಿ ಬಿದ್ದರೂ ನೊರೆ ಸರಿಯಾಗಿ ಏಳುವುದಿಲ್ಲ. ಹಾಗಿದ್ದೂ ಹಳದಿಯೇ ನೊರೆಯಾಗುವುದು ಆಶ್ಚರ್ಯವಲ್ಲವೆ? ಹಳದಿಯಲ್ಲಿ ಕೊಬ್ಬು ಬಿಡಿಯಾಗಿ ತೇಲುತ್ತಿಲ್ಲ. ಲೆಸಿತಿನ್ ಮುಂತಾದ ಪದಾರ್ಥಗಳೂ ಪ್ರೋಟೀನುಗಳೂ ಅದನ್ನು ಅತಿ ಸೂಕ್ಷ್ಮ ಕಣಗಳಾಗಿ ಸುತ್ತಿ ಹಿಡಿದಿವೆ. ಕಡೆಯುವಾಗ ಈ ಲೆಸಿತಿನ್ನೂ ಪ್ರೋಟೀನುಗಳೂ ಗುಳ್ಳೆಯ ಮೇಲ್ಮೈಗೆ ಬಂದು ಸೇರುತ್ತವೆ. ಪ್ರೋಟೀನಿನ ಅಣು ಸಾಬೂನಿನದರಂತೆ ಪುಟ್ಟದಲ್ಲ. ಸುರುಳಿ ಸುತ್ತಿದ ಉದ್ದನೆಯ ದಾರ. ಮೇಲ್ಮೈಗೆ ಬಂದಾಗ ಸುರುಳಿ ಬಿಚ್ಚಿಕೊಂಡು ನೆರೆಯ ದಾರಗಳೊಡನೆ ಹೆಣೆದುಕೊಳ್ಳುತ್ತದೆ. ಗುಳ್ಳೆಗೆ ಒಂದು ಬಲೆಯ ಅಂಗಿ ತೊಡಿಸಿದಂತಾಗುತ್ತದೆ. ಸಾಬೂನಿನ ನೊರೆಗಿಂತ ಮೊಟ್ಟೆಯ ನೊರೆ ಗಟ್ಟಿಯಾಗಿರುವುದು ಇದರಿಂದಲೇ.

ಆದರೆ ನಮ್ಮ ಬಟ್ಟಲಿನಲ್ಲಿಯೂ ಇದೇ ಹಳದಿ, ಇದೇ ಪ್ರೋಟೀನು ಇದ್ದಿತಲ್ಲ! ಅಂಗಿ ಎಲ್ಲ ಗುಳ್ಳೆಗಳಿಗೂ ದೊರೆತಿದ್ದರೂ ನಮ್ಮವು ಏಕೆ ಕುಸಿದವು?

ನೊರೆಯಲ್ಲಿನ ದ್ರವ ಸದಾ ಕೆಳಕ್ಕೆ ಜಿನುಗುತ್ತಿರುತ್ತದೆ. ಬೆಲ್ಜಿಯಮ್ಮಿನ ಜೋಸೆಫ್ ಪ್ಲಾಟೊ, ದೃಷ್ಟಿಯನ್ನು ಸಂಪೂರ್ಣವಾಗಿ ಕಳೆದುಕೊಂಡ ಮೇಲೂ ಇತರರ ಕಣ್ಣುಗಳ ನೆರವಿನಿಂದ ಸಾಬೂನಿನ ಪೊರೆಗಳನ್ನು ಅಭ್ಯಸಿಸಿ ೧೮೭೩ರಲ್ಲಿ ಪ್ರಕಟಿಸಿದ ನಿಯಮಗಳಂತೆ, ಪೊರೆಗಳು ಮೂರು ಮೂರಾಗಿ ೧೨೦ ಡಿಗ್ರಿಯ ಕೋನಗಳಲ್ಲಿ ಸೇರುತ್ತವೆ. ಅವು ಸೇರುವ ಅಂಚೇ ಒಂದು ಕಿರುಗಾಲುವೆ. ದ್ರವ ಪೊರೆಗಳಿಂದ ಈ ಕಾಲುವೆಗಳಿಗೂ ಕಾಲುವೆಗಳಿಂದ ತಳಕ್ಕೂ ಇಳಿಯುತ್ತದೆ. ಇಳಿದಷ್ಟೂ ಪೊರೆ ತೆಳುವು. ಒಂದು ಮಿತಿಯನ್ನು ಮೀರಿ ತೆಳುವಾದ ಪೊರೆಯನ್ನು ಮಾರಂಗೋನಿಯ ಮದ್ದೂ ಉಳಿಸಲಾರದು. ಇಳಿಯುವ ವೇಗವನ್ನು ನಿಯಂತ್ರಿಸುವುದು ದ್ರವದ ಸ್ನಿಗ್ಧತೆ. ಡಬ್ಬಿಯ ಗಟ್ಟಿ ಹಾಲಿನ ಸ್ನಿಗ್ಧತೆ ನೀರಿನದರ ನೂರಾರು ಪಾಲು ಹೆಚ್ಚು. ಎರಡು ಚಮಚ ಹಾಕಿದವರ ಕಾಲುವೆಗಳಲ್ಲಿ ದ್ರವ ಬೆಲ್ಲದ ಪಾಕದಂತೆ ಜರುಗುತ್ತಿದ್ದರೆ ನಮ್ಮ ಕಾಲುವೆಗಳಲ್ಲಿ ಮಳೆನೀರಿನಂತೆ ಹರಿದುಹೋಯಿತು.

ಇದಕ್ಕಿಂತ ಸೂಕ್ಷ್ಮವಾದ ಎರಡನೆಯ ಕಾರಣವೂ ಉಂಟು. ದೊಡ್ಡ ಗುಳ್ಳೆಯನ್ನು ಸಣ್ಣ ಗುಳ್ಳೆಗಳಾಗಿ ಸೀಳುವುದು ಕಡಗೋಲಿನ ತಂತಿಯಲ್ಲ. ತಂತಿಯ ಸುತ್ತ ಓಡುವ ದ್ರವ ಗುಳ್ಳೆಯನ್ನು ಹಿಡಿದೆಳೆದು ಸೀಳುತ್ತದೆ. ದ್ರವ ನೀರಾಗಿದ್ದರೆ ಗುಳ್ಳೆ ಜಾರಿಕೊಳ್ಳುತ್ತದೆ, ಮಂದವಾಗಿದ್ದರೆ ಸಿಕ್ಕಿಬೀಳುತ್ತದೆ. ಆದುದರಿಂದ ನಮ್ಮ ಗುಳ್ಳೆಗಳು ದೊಡ್ಡವಾಗಿಯೇ ಉಳಿದವು. ಬೇಗನೆ ನೊರೆ ಬಂದಿತೆಂದು ನಾವು ಹಿಗ್ಗಿದುದು ಈ ಕಾರಣಕ್ಕೇ! ಗಾತ್ರಗಳಲ್ಲಿ ವ್ಯತ್ಯಾಸವೂ ಹೆಚ್ಚಿತ್ತು, ಅದೂ ಅಪಾಯಕರ. ದ್ರವದೊಳಗಿನ ಗುಳ್ಳೆಯಲ್ಲಿ ಹೊರಗಿಗಿಂತ ಹೆಚ್ಚಾಗಿರುವ ಒತ್ತಡ, ಮೇಲ್ಮೈ ಎಳೆತದ ಎರಡರಷ್ಟನ್ನು ತ್ರಿಜ್ಯದಿಂದ ಭಾಗಿಸಿದಷ್ಟು. ಲಾಪ್ಲಾಸನ ಈ ಸೂತ್ರ ಕಾಲೇಜಿನ ಪುಸ್ತಕಗಳಲ್ಲಿದೆ. ೦.೦೫ ಮಿಲಿಮೀಟರಿನ ಗುಳ್ಳೆಯಲ್ಲಿ ಅದು ೧೮೦೦ ಪಾಸ್ಕಲ್, ೦.೫ ಮಿಲಿಮೀಟರಿನದರಲ್ಲಿ ೧೮೦ ಪಾಸ್ಕಲ್. ವಾಯುಮಂಡಲದ ಒಂದು ಲಕ್ಷ ಪಾಸ್ಕಲಿನೆದುರು ಇವೆರಡೂ ಅಲ್ಪವೇ. ಆದರೂ ಈ ವ್ಯತ್ಯಾಸದಿಂದಾಗಿ ಸಣ್ಣ ಗುಳ್ಳೆಯ ಗಾಳಿ ದ್ರವದಲ್ಲಿ ಕರಗಿ ನೆರೆಯ ದೊಡ್ಡ ಗುಳ್ಳೆಯನ್ನು ಸೇರುತ್ತದೆ. ಚಿಕ್ಕವನು ಬಡವಾಗುತ್ತಾನೆ, ದೊಡ್ಡವನು ಉಬ್ಬುತ್ತಾನೆ. ಎಲ್ಲವೂ ಸಮನಾಗಿ ಚಿಕ್ಕವಾಗಿದ್ದರೆ ಈ ಕೊಳ್ಳುವ ಕೊಡುವ ವ್ಯವಹಾರ ಬಹಳ ನಿಧಾನ.

ಇವೆಲ್ಲವನ್ನೂ ಆ ತರುಣಿ ಒಂದೇ ಪರೀಕ್ಷೆಯಿಂದ ಅರಿಯುತ್ತಿದ್ದರು. ಕಡಗೋಲನ್ನು ಮೇಲೆತ್ತಿ, ಅದರಿಂದ ಇಳಿಯುವ ನೊರೆಯ ಪಟ್ಟಿಯಿಂದ ಪಾತ್ರೆಯ ಮೇಲೆ ಒಂದು ಗೆರೆಯನ್ನೆಳೆಯುವರು. ಹತ್ತು ಎಣಿಸುವವರೆಗೂ ಗೆರೆ ಅಳಿಸಿಹೋಗದಿದ್ದರೆ ಮಾತ್ರ ಸಾಕು ಎನ್ನುವರು. ದ್ರವವೂ ಗಾಳಿಯೂ ತಮ್ಮಷ್ಟಕ್ಕೆ ಯಾವ ಆಕಾರವನ್ನೂ ಉಳಿಸಿಕೊಳ್ಳಲಾರವು. ಎರಡೂ ಸೇರಿ ಗೆರೆಯನ್ನು ಹೊತ್ತು ನಿಲ್ಲುವ ಒಂದು ಮೃದು ಘನವಾಗುತ್ತವೆ. ಬಣ್ಣವೂ ಒಂದು ಸೂಚನೆ. ಕಿತ್ತಳೆಯಂತಿದ್ದ ಹಳದಿ ಕಡೆಯುತ್ತ ಹೋದಂತೆ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಕೋಟ್ಯಂತರ ಗುಳ್ಳೆಗಳ ಮೇಲ್ಮೈಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದರಿಸುವುದೇ ಅದಕ್ಕೆ ಕಾರಣ. ಎರಡನೆಯ ಸಲ ನಾವು ಗಟ್ಟಿ ಹಾಲನ್ನು ಎರಡು ಚಮಚವೇ ಹಾಕಿ, ಹನ್ನೆರಡು ನಿಮಿಷ ಕಡೆದು, ಗೆರೆಯನ್ನೆಳೆದು ತೋರಿಸಿದೆವು. ಅವರು ಏಳರವರೆಗೆ ಎಣಿಸಿ ತಲೆಯಾಡಿಸಿದರು. ಇನ್ನೂ ಮೂರು ನಿಮಿಷ ಕಡೆಯಬೇಕಾಯಿತು.

ಬಟ್ಟಲನ್ನು ಬಿಸಿನೀರಿನ ಚಿಕ್ಕ ಬೋಗುಣಿಯಲ್ಲಿ ಇಟ್ಟುಕೊಡುವುದು ಅಲ್ಲಿಯ ಪದ್ಧತಿ. ಗಾಳಿಯ ಶಾಖವಾಹಕತೆ ನೀರಿನದರ ಇಪ್ಪತ್ತರಲ್ಲೊಂದು ಪಾಲಿಗಿಂತಲೂ ಕಡಿಮೆಯಾದುದರಿಂದ ನೊರೆ ಕಾಫಿಗೆ ಕಂಬಳಿ ಹೊದಿಸಿದಂತಿರುತ್ತದೆ, ಆವಿಯನ್ನೂ ತಡೆಯುತ್ತದೆ. ಪಕ್ಕಗಳಿಂದ ಹೋಗುವ ಶಾಖವನ್ನು ಬೋಗುಣಿಯ ನೀರು ತುಂಬಿಕೊಡುತ್ತದೆ. ಆರಿದ ಮೊಟ್ಟೆ ಕಾಫಿ ಹಸಿ ವಾಸನೆ ಬರುತ್ತದಾದುದರಿಂದ ಇದು ಬರಿಯ ಅಲಂಕಾರವಲ್ಲ.

ಮನೆಯಲ್ಲಿ ಮಾಡಿನೋಡಬಯಸುವ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆ. ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಮೇಲೆ ಸೋಕುವ ಕಾಫಿಯ ಬಿಸಿ ನೊರೆಯೆಲ್ಲಕ್ಕೂ ತಲುಪುವುದಿಲ್ಲ. ಕುದಿಯುವ ನೀರಿನ ಪಾತ್ರೆಯ ಮೇಲೆ ಮಿಶ್ರಣದ ಪಾತ್ರೆಯನ್ನಿಟ್ಟು, ಬಿಡದೆ ಕಡೆಯುತ್ತ, ಉಷ್ಣಮಾಪಕ ೭೧ ಡಿಗ್ರಿ ಸೆಲ್ಸಿಯಸ್ ತೋರಿಸುವವರೆಗೆ ಕಾಯಿಸಿದರೆ ಭಯವಿಲ್ಲ. ಬರಿಯ ಹಳದಿ ೬೫ ಡಿಗ್ರಿಯಿಂದಲೇ ಮಂದವಾಗತೊಡಗಿ ೭೦ರ ಸುಮಾರಿಗೆ ಗಟ್ಟಿಯಾಗುತ್ತದೆ. ಸಕ್ಕರೆ ಬೆರೆತಾಗ ಗಟ್ಟಿಯಾಗುವ ಉಷ್ಣತೆ ಮೇಲೇರುವುದರಿಂದ ಈ ಕೆಲಸ ಸಾಧ್ಯ. ಗಟ್ಟಿ ಹಾಲಿನ ಮೂರನೆಯ ಉಪಕಾರವಿದು. ಮೊಟ್ಟೆ ತಿನ್ನದವರು ನಿರಾಶರಾಗಬೇಕಾಗಿಲ್ಲ. ಲೋಟದಿಂದ ಲೋಟಕ್ಕೆ ಒಂದು ಮೊಳ ಎತ್ತರದಿಂದ ಸುರಿದ ನಮ್ಮ ಕಾಫಿಯ ನೊರೆಯನ್ನು ನಿಲ್ಲಿಸುವುದೂ ಹಾಲಿನ ಪ್ರೋಟೀನೇ. ಗಾಜಿನ ಲೋಟವನ್ನು ತೆಗೆದುಕೊಂಡು, ಭೂತಗನ್ನಡಿಯಿಂದ ಒಂದೇ ಜಾಗದ ಗುಳ್ಳೆಗಳನ್ನು ನಿಮಿಷಕ್ಕೊಮ್ಮೆ ಎಣಿಸಿ ಬರೆದಿಡಿರಿ. ಸಕ್ಕರೆ ಹಾಕಿದ ಮತ್ತು ಹಾಕದ ಕಾಫಿಗಳನ್ನು ಹೋಲಿಸಿ ನೋಡಿರಿ.

ಈ ವರ್ಷ ಮೇಲ್ಮೈ ಎಳೆತದ ಪಾಠಕ್ಕೆ ಹೋಗುವಾಗ ನಾವು ಮೂರು ಸೀಸೆಗಳನ್ನು ಒಯ್ದೆವು: ಒಂದರಲ್ಲಿ ನೀರು, ಒಂದರಲ್ಲಿ ಸಾಬೂನು ನೀರು, ಒಂದರಲ್ಲಿ ರಸಾಯನಶಾಲೆಯಿಂದ ತಂದ, ನೀರು ಬೆರೆಯದ ಆಲ್ಕೊಹಾಲು. ಹತ್ತಿರದಲ್ಲಿ ಬೆಂಕಿಯಿಲ್ಲದಂತೆ ನೋಡಿಕೊಂಡು, ಎಳೆತದ ಬೆಲೆಗಳನ್ನು ಮೊದಲು ಹಲಗೆಯ ಮೇಲೆ ಬರೆದು, ಯಾವುದು ಹೆಚ್ಚು ನೊರೆಯಾಗುವುದೆಂದು ಕೇಳಿದೆವು. ಬಹುಮಂದಿ ಆಲ್ಕೊಹಾಲು ಎಂದರು. ಕುಲುಕಿ ತೋರಿಸಿದೆವು, ಕೊಠಡಿಯಲ್ಲಿ ಗುಜುಗುಜು ಎದ್ದಿತು. ಕಾರಣವನ್ನು ವಿವರಿಸಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದ. “ಸಾರ್, ಆಲ್ಕೊಹಾಲಿಗೇ ಸಾಬೂನು ಹಾಕಿದರೆ?”

ಇದೂ ಪಠ್ಯಕ್ರಮದಲ್ಲಿಲ್ಲ. ಸಾಬೂನಿನ ಚೂರನ್ನೂ ಸೀಸೆಯನ್ನೂ ಅವನ ಕೈಗೆ ಕೊಟ್ಟೆವು. ಅವನು ಚೂರನ್ನು ಕರಗಿಸಿ, ಎರಡು ಕೈಗಳಿಂದಲೂ ಸೀಸೆಯನ್ನು ಹಿಡಿದು ಕುಲುಕಿದ. ನೊರೆ ನಿಲ್ಲಲಿಲ್ಲ. ೨೨ಕ್ಕೆ ಇಳಿದಿರುವ ಎಳೆತವನ್ನು ಸಾಬೂನು ಇನ್ನು ತಗ್ಗಿಸಲಾರದು. ಅದು ಮೇಲ್ಮೈಯಲ್ಲಿ ಒತ್ತಾಗಿದ್ದರೂ ಒಂದೇ, ವಿರಳವಾಗಿದ್ದರೂ ಒಂದೇ. ಆದರೆ ಇದನ್ನು ಹೇಳಿದವರು ನಾವಲ್ಲ. ಸೀಸೆಯನ್ನು ಬೆಳಕಿಗೆ ಹಿಡಿದು ಸ್ವಲ್ಪ ಹೊತ್ತು ನೋಡಿ ಅವನೇ ಹೇಳಿದ.